ಕೀ ತಿರುಗಿಸಿದಿರಿ, ಕಾರು ಮಿಸುಕಲಿಲ್ಲ! ಈಗೇನು ಮಾಡುತ್ತೀರಿ?



ಬೆಳಿಗ್ಗೆ ಎಂಟೂವರೆ. ಕೆಲಸಕ್ಕೆ ಹೊತ್ತಾಗಿದೆ. ಮನೆ ಮುಂದಿನ ಪುಟ್ಟ ವಿದ್ಯುತ್ ಕಾರಿನಲ್ಲಿ ಕೂತು ಕೀ ತಿರುಗಿಸುತ್ತೀರಿ. ಸದ್ದಿಲ್ಲ, ಸುದ್ದಿಯಿಲ್ಲ. ಪೆಟ್ರೋಲ್ ಕಾರಾಗಿದ್ದರೆ ಒಂದು ನರಳಾಟವಾದರೂ ಕೇಳುತ್ತಿತ್ತು. ಇದು ಕಲ್ಲಿನಂತೆ ಕೂತಿದೆ. ಅಕ್ಕಪಕ್ಕದವರು ಬಂದು "ತಳ್ಳೋಣ ಸಾರ್, ಗೇರಿಗೆ ಹಾಕಿ ಬಿಡಿ" ಎನ್ನುತ್ತಾರೆ. ತಳ್ಳಿ ಏನು ಬಂತು? ಇದರಲ್ಲಿ ಎಂಜಿನ್ನೇ ಇಲ್ಲ! ಸ್ಪಾರ್ಕ್ ಪ್ಲಗ್ ಇಲ್ಲ, ಚೋಕ್ ಇಲ್ಲ, ಸ್ಟಾರ್ಟರ್ ಮೋಟಾರ್ ಇಲ್ಲ. ಅಪ್ಪನ ಕಾಲದಿಂದ ಕಲಿತ ಉಪಾಯಗಳೆಲ್ಲ ಇಲ್ಲಿ ದಂಡ.

ಆಗ ನೀವು ಮಾಡುವುದೇನು? ಫೋನು ತೆಗೆದು ಸರ್ವಿಸ್ ಸೆಂಟರಿಗೆ ಹಚ್ಚುತ್ತೀರಿ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೀರಿ. ಬಿಲ್ಲು ಕೊಟ್ಟಷ್ಟು ಕಟ್ಟುತ್ತೀರಿ. ಯಾಕೆಂದರೆ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದವನ ಜೇಬಿಗೆ ಎಲ್ಲರ ಕೈಯೂ ಹೋಗುತ್ತದೆ.

ನಮ್ಮ ಪರಿಚಯದ ಗೆಳೆಯರೊಬ್ಬರ ಕಥೆ ಕೇಳಿ. ಎಂಟು ಬ್ಯಾಟರಿಗಳ ಹಳೆಯ ಪುಟ್ಟ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. ಒಂದು ದಿನ ಕೀ ಹಾಕಿದರೆ ದೀಪ ಬರುತ್ತದೆ, ಪೆಡಲ್ ಒತ್ತಿದ ಕೂಡಲೇ ಎಲ್ಲ ಬಂದ್! ನೋಡಲು ಬಂದ ಮಹಾಶಯರು ಬಾನೆಟ್ ಎತ್ತಿದ್ದೇ ತಡ, "ಬ್ಯಾಟರಿ ಹೋಗಿದೆ, ಎಂಟನ್ನೂ ಬದಲಿಸಬೇಕು" ಎಂದು ತೀರ್ಪು ಕೊಟ್ಟುಬಿಟ್ಟರು. ಕಾರು ಕೊಂಡ ದುಡ್ಡಿಗಿಂತ ಬ್ಯಾಟರಿಯ ದುಡ್ಡೇ ಹೆಚ್ಚು. ಗೆಳೆಯರು ತಲೆಮೇಲೆ ಕೈಹೊತ್ತು ಕೂತರು.

ಅದೇ ಬೀದಿಯ ಕೊನೆಯಲ್ಲಿ ಯುಪಿಎಸ್ ರಿಪೇರಿ ಮಾಡುವ ಹುಡುಗನೊಬ್ಬನಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಗೆ ಸೇರಿದವನು. ಸಂಜೆ ಬಂದ. ಕೈಯಲ್ಲಿ ಒಂದು ಅಗ್ಗದ ಮೀಟರ್. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಜೋಡಣೆಯ ಮೇಲೂ ಉದ್ದನೆಯ ವೈರು ಸಿಕ್ಕಿಸಿದ. "ಅಣ್ಣಾ, ಈಗ ಪೆಡಲ್ ಸ್ವಲ್ಪ ಒತ್ತಿ" ಎಂದ. ಸೊನ್ನೆಯ ಹತ್ತಿರ ಇರಬೇಕಾಗಿದ್ದ ಮೀಟರ್ ಒಂದು ಕಡೆ ಒಂಬತ್ತು ವೋಲ್ಟ್ ತೋರಿಸಿತು. "ಬ್ಯಾಟರಿ ಸತ್ತಿಲ್ಲ ಅಣ್ಣಾ, ಇಲ್ಲಿ ಕಿಲುಬು ಹಿಡಿದಿದೆ ಅಷ್ಟೇ." ಮೇನ್ ಸ್ವಿಚ್ ತೆಗೆದು, ಟರ್ಮಿನಲ್ ಬಿಚ್ಚಿ, ಅಡುಗೆ ಸೋಡದ ನೀರಲ್ಲಿ ತೊಳೆದು, ಉಜ್ಜಿ, ಒಣಗಿಸಿ ಬಿಗಿದ. ಕಾರು ಹೊರಟಿತು!

ಗೆಳೆಯರೇ, ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ಆ ಹುಡುಗ ಹೋಗುವಾಗ ಒಂದು ಮಾತು ಕೇಳಿದ. ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ತಿರುವಿ ಹಾಕುತ್ತಾ, "ಅಣ್ಣಾ, ಇದರಲ್ಲಿ ಏನು ಬರೆದಿದೆ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ನಾನು ಇದನ್ನೇ ಕೆಲಸ ಮಾಡಿಕೊಳ್ತಿದ್ದೆ" ಎಂದ. ಆ ಮಾತಿಗೆ ನಾವೆಲ್ಲ ಉತ್ತರ ಕೊಡಬೇಕಾಗಿದೆ. ಅದಕ್ಕೇ ಈ ವಾರದ ಸಂಪಾದಕೀಯ.

ಮೊದಲು ಒಂದು ವಿಷಯ ತಿಳಿದಿರಲಿ. ಈ ವಿದ್ಯೆ ಎಲ್ಲಿಂದಲೋ ಹಡಗು ಹತ್ತಿ ಬಂದದ್ದೆಂದು ಕೈಕಟ್ಟಿ ನಿಲ್ಲಬೇಡಿ. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಕೈಜೋಡಿಸಿ 1994ರಲ್ಲಿ ರೇವಾ ಕಂಪನಿ ಕಟ್ಟಿದವು. 2001ರಲ್ಲಿ ರೇವಾ ಕಾರು ರಸ್ತೆಗಿಳಿಯಿತು. ತಯಾರಾದದ್ದು ನಮ್ಮ ಬೊಮ್ಮಸಂದ್ರದಲ್ಲಿ! 2004ರಿಂದ ಅದೇ ಕಾರು ಜಿ-ವಿಜ್ ಎಂಬ ಹೆಸರು ಹೊತ್ತು ಲಂಡನ್ನಿನ ಬೀದಿಗಳಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರ ಕಂಪನಿ ಅದರ ಬಹುಪಾಲು ಷೇರು ಕೊಂಡಿತು. 2013ರಲ್ಲಿ ಇ2ಒ ಎಂಬ ಕಾರು ಬಂತು. ಇವತ್ತು ಎರಡೂ ತಯಾರಾಗುತ್ತಿಲ್ಲ. ಆದರೆ ದೇಶದಲ್ಲಿ ವಿದ್ಯುತ್ ವಾಹನಗಳಿಗೆಂದೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಹೀಗಿದ್ದೂ ಆ ಕಾರು ನಿಂತರೆ ಏನು ನೋಡಬೇಕೆಂದು ಕನ್ನಡದಲ್ಲಿ ಒಂದು ಪುಟ ಓದಿದ್ದೀರಾ? ಇಲ್ಲ ತಾನೆ? ಹಾಗಾದರೆ ಈಗ ಓದಿ.

ಮೊದಲ ಪಾಠ: ಗಾಬರಿ ಬೇಡ, ಅನುಕ್ರಮ ಬೇಕು. ಸಿಕ್ಕಿದ್ದನ್ನು ಬಿಚ್ಚುವವನು ಮೆಕ್ಯಾನಿಕ್ ಅಲ್ಲ. ವಿದ್ಯುತ್ತು ಬರುವ ದಾರಿಯಲ್ಲೇ ನೀವೂ ನಡೆಯಬೇಕು. ಗೋಡೆಯ ಸಾಕೆಟ್ಟಿನಿಂದ ಚಾರ್ಜರಿಗೆ, ಚಾರ್ಜರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಫ್ಯೂಸು, ಕಾಂಟ್ಯಾಕ್ಟರು, ಕಂಟ್ರೋಲರು ದಾಟಿ ಕೊನೆಗೆ ಮೋಟಾರಿಗೆ. ಎಲ್ಲಿ ದಾರಿ ಕಡಿದಿದೆಯೋ ಅಲ್ಲೇ ರೋಗ.

ರಾತ್ರಿ ಚಾರ್ಜ್ ಆಗಿತ್ತೇ? ಇದು ಮೊದಲ ಪ್ರಶ್ನೆ. ನಗಬೇಡಿ. ಪ್ಲಗ್ ಚುಚ್ಚಿ ಮಲಗಿದ್ದು ನಿಜ. ನಡುರಾತ್ರಿ ಕರೆಂಟ್ ಹೋಗಿತ್ತೋ? ಎಂಸಿಬಿ ಬಿದ್ದಿದೆಯೋ? ರೇವಾದಂಥ ಕಾರು ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತದೆ. ತಾಸುಗಟ್ಟಲೆ ಅಷ್ಟು ಕರೆಂಟ್ ಎಳೆದರೆ ಸಡಿಲವಾದ ಸಾಕೆಟ್ ಸುಟ್ಟು ಕಪ್ಪಾಗುತ್ತದೆ. ಪ್ಲಗ್ಗಿನ ಪಿನ್ನುಗಳನ್ನು ನೋಡಿ. ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಕಾರಿಗೆ ಏನೂ ಆಗಿಲ್ಲ, ನಿಮ್ಮ ಗೋಡೆಗೆ ಆಗಿದೆ! ಅದನ್ನು ಹಾಗೇ ಬಿಟ್ಟರೆ ಮನೆಗೇ ಬೆಂಕಿ. ಕೂಡಲೇ ಎಲೆಕ್ಟ್ರಿಷಿಯನ್ ಕರೆಸಿ.

ಕೀ ಹಾಕಿದಾಗ ದೀಪ ಬಂತೇ? ಇದು ಎರಡನೆಯದು. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಇಲ್ಲ, ಹಾರನ್ನೂ ಇಲ್ಲ ಎಂದರೆ ದೊಡ್ಡ ಬ್ಯಾಟರಿಯನ್ನು ಬೈಯುವ ಮೊದಲು 12 ವೋಲ್ಟಿನ ಕಡೆ ನೋಡಿ. ಬಹಳಷ್ಟು ವಿದ್ಯುತ್ ಕಾರುಗಳಲ್ಲಿ ಮಾಮೂಲಿ ಕಾರಿನಂತೆ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇರುತ್ತದೆ. ದೀಪ, ಹಾರನ್, ಕಂಪ್ಯೂಟರು, ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವ ಸ್ವಿಚ್ಚು, ಎಲ್ಲಕ್ಕೂ ಅದೇ ಅನ್ನದಾತ. ಒಡೆಯ ಮನೆಯಲ್ಲಿದ್ದು ಏನು ಪ್ರಯೋಜನ, ಕೀಲಿಕೈ ಹಿಡಿದ ಆಳು ಮಲಗಿದ್ದರೆ? ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಚಿಕ್ಕದು ಸತ್ತರೆ ಕಾರು ಏಳುವುದಿಲ್ಲ. ವಾರಗಟ್ಟಲೆ ನಿಲ್ಲಿಸಿದ ಹೊಸ ಕಾರುಗಳೂ ಇದೇ ಕಾರಣಕ್ಕೆ ಕೈಕೊಡುತ್ತವೆ. ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.0 ಇದ್ದರೆ ಖುಷಿಪಡಬೇಡಿ, ಅದು ಬಹುತೇಕ ಖಾಲಿ! ವೋಲ್ಟೇಜ್ ಸರಿಯಿದ್ದೂ ದೀಪವಿಲ್ಲವೆಂದರೆ ಫ್ಯೂಸು ನೋಡಿ, ಟರ್ಮಿನಲ್ ಸಡಿಲವಾಗಿದೆಯೇ ಅಲ್ಲಾಡಿಸಿ ನೋಡಿ, ಆಮೇಲೆ ಕೀ ಸ್ವಿಚ್ಚು.

ದೀಪ ಬಂತು, ಕಾರು ಚಲಿಸಲಿಲ್ಲ. ಇದು ಮೂರನೆಯದು. ಇಲ್ಲಿ ಕಾರು ಕೆಟ್ಟಿಲ್ಲದಿರಬಹುದು, ಬೇಕೆಂದೇ ನಿಮ್ಮನ್ನು ತಡೆದಿರಬಹುದು. ಚಾರ್ಜಿಂಗ್ ವೈರು ಇನ್ನೂ ಸಿಕ್ಕಿಸಿಯೇ ಇದೆಯೇ? ಇದ್ದರೆ ಕಾರು ಅಲ್ಲಾಡದಂತೆ ಕಟ್ಟುಪಾಡು ಮಾಡಿರುತ್ತಾರೆ. ಇಲ್ಲವಾದರೆ ಗೋಡೆಯನ್ನೇ ಎಳೆದುಕೊಂಡು ಹೋಗುತ್ತಿದ್ದಿರಿ! ಗೇರಿನ ಗುಬುಟು ನ್ಯೂಟ್ರಲ್‌ನಲ್ಲಿದೆಯೇ? ಬ್ರೇಕ್ ಒತ್ತಿದ್ದೀರಾ? ಇನ್ನೊಂದು ಮುಖ್ಯ ವಿಷಯ. ಕೀ ತಿರುಗಿಸುವಾಗ ನಿಮ್ಮ ಕಾಲು ಆಕ್ಸಿಲರೇಟರ್ ಮೇಲಿತ್ತೇ? ಪೆಟ್ರೋಲ್ ಕಾರಿನ ಹಳೇ ಚಾಳಿ ಅದು. ಪೆಡಲ್ ಮೊದಲೇ ಒತ್ತಿದ್ದರೆ ಅನೇಕ ಕಂಟ್ರೋಲರುಗಳು ಮೋಟಾರಿಗೆ ಕರೆಂಟ್ ಬಿಡುವುದಿಲ್ಲ. ಕಾರು ಏಕಾಏಕಿ ಎಗರಬಾರದೆಂದು ಹಾಗೆ ಮಾಡಿದ್ದಾರೆ. ಕೀ ಆಫ್ ಮಾಡಿ, ಕಾಲು ತೆಗೆಯಿರಿ, ಹತ್ತು ಎಣಿಸಿ, ಮತ್ತೆ ಆನ್ ಮಾಡಿ. ಎಷ್ಟೋ ಕಾರುಗಳು ಇಷ್ಟಕ್ಕೇ ಹೊರಟುಬಿಡುತ್ತವೆ. ಪ್ರತಿಸಲವೂ ಹೀಗೇ ಆದರೆ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ, ಅಥವಾ ಅದರ ಸೆನ್ಸರ್ ಸವೆದಿದೆ.

'ಟಕ್' ಎಂದಿತೇ? ನಾಲ್ಕನೆಯದು. ಕಿವಿಗೊಟ್ಟು ಕೇಳಿ. ಊರಿನ ತೋಟದಲ್ಲಿ ಪಂಪ್‌ಸೆಟ್ಟಿನ ಹಸಿರು ಗುಂಡಿ ಒತ್ತಿದಾಗ ಸ್ಟಾರ್ಟರ್ ಡಬ್ಬಿಯೊಳಗೆ 'ಟಕ್' ಎನ್ನುತ್ತದಲ್ಲ, ಅದೇ ಸದ್ದು ಇಲ್ಲೂ ಬರಬೇಕು. ಅದರ ಹೆಸರು ಕಾಂಟ್ಯಾಕ್ಟರ್. ದೊಡ್ಡ ಬ್ಯಾಟರಿಯ ಕರೆಂಟನ್ನು ಮೋಟಾರಿನ ಕಡೆ ಬಿಡುವ ದೊಡ್ಡ ಸ್ವಿಚ್ಚು. 'ಟಕ್' ಬರಲಿಲ್ಲ ಎಂದರೆ ಅದರ ಕಾಯಿಲ್‌ಗೆ ಕರೆಂಟ್ ಹೋಗುತ್ತಿಲ್ಲ, ಕಾಯಿಲ್ ಸುಟ್ಟಿದೆ, ಇಲ್ಲವೇ ಕಾರಿನ ಕಂಪ್ಯೂಟರು ಬೇಡ ಎನ್ನುತ್ತಿದೆ. ಬ್ಯಾಟರಿ ಖಾಲಿಯಾಗಿದ್ದರೂ ಅದು ಬೇಡ ಎನ್ನುತ್ತದೆ. 'ಟಕ್' ಬಂತು, ಕಾರು ಅಲ್ಲಾಡಲಿಲ್ಲ ಎಂದರೆ ಕಾಂಟ್ಯಾಕ್ಟರಿನ ಒಳಗಿನ ಬಿಲ್ಲೆಗಳು ಸುಟ್ಟು ಕರಕಲಾಗಿರಬಹುದು. ಅದರ ಈಚೆ ಬದಿ ಪೂರ್ತಿ ವೋಲ್ಟೇಜ್, ಆಚೆ ಬದಿ ಇಲ್ಲ ಎಂದು ಮೀಟರ್ ಹೇಳಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಎರಡೂ ಬದಿ ಸರಿಯಿದ್ದರೆ ಕಂಟ್ರೋಲರು, ಪೆಡಲ್ ಅಥವಾ ಮೋಟಾರು. ಅಲ್ಲಿಂದ ಮುಂದೆ ತಿಳಿದವರ ಕೆಲಸ.

ಹೊರಟಿತು, ಆದರೆ ಹತ್ತು ಹೆಜ್ಜೆಗೆ ನಿಂತಿತು. ಐದನೆಯದು, ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯುವ ಜಾಗ. ರೇವಾದಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಮುಂದಿನ ಸೀಟಿನ ಕೆಳಗೆ ಸಾಲಾಗಿ ಜೋಡಿಸಿದ್ದವು. ಒಟ್ಟು 48 ವೋಲ್ಟ್. ಸಾಲು ಎಂದರೇನು? ಬಾವಿಯಿಂದ ಗದ್ದೆಯವರೆಗೆ ಎಂಟು ಜನ ನಿಂತು ಕೊಡ ದಾಟಿಸಿದ ಹಾಗೆ. ಏಳು ಜನ ಜಟ್ಟಿಗಳಾಗಿದ್ದು ಒಬ್ಬ ಸುಸ್ತಾದರೂ ಕೊಡ ಅಲ್ಲೇ ನಿಲ್ಲುತ್ತದೆ. ಹಾಗೆಂದು ಎಂಟೂ ಜನರನ್ನು ಮನೆಗೆ ಕಳಿಸುತ್ತಾರೆಯೇ?

ಅಳತೆ ಹೀಗೆ ಮಾಡಿ. ಚಾರ್ಜ್ ಮುಗಿದು ಕೆಲವು ಗಂಟೆ ಬಿಟ್ಟು ನೋಡಿದರೆ ತುಂಬಿದ ಸಾಲು 51 ವೋಲ್ಟಿನ ಆಸುಪಾಸು ತೋರಿಸಬೇಕು. 48 ವೋಲ್ಟಿನ ಬ್ಯಾಟರಿ 48 ತೋರಿಸಿತು, ಸರಿಯಿದೆ ಎಂದುಕೊಂಡಿರಾ? ತಪ್ಪು! ಅದು ಬಹುತೇಕ ಬರಿದು. ಆಮೇಲೆ ಒಂದೊಂದನ್ನೂ ಬೇರೆಬೇರೆಯಾಗಿ ಅಳೆಯಿರಿ. ಸುಮ್ಮನೆ ಕೂತಾಗ ಎಂಟೂ 6.3 ತೋರಿಸಿ ನಿಮ್ಮನ್ನು ಏಮಾರಿಸಬಹುದು. ಭಾರ ಬಿದ್ದಾಗಲೇ ಬಣ್ಣ ಬಯಲು. ಬ್ಯಾಟರಿ ಅಂಗಡಿಯವರ ಬಳಿ ಲೋಡ್ ಟೆಸ್ಟರ್ ಇರುತ್ತದೆ. ಅದು ಹಾಕಿದಾಗ ಏಳು ಬ್ಯಾಟರಿ ತಡೆದುಕೊಂಡು ಒಂದು ಮಾತ್ರ 5ಕ್ಕೋ 4ಕ್ಕೋ ಕುಸಿದರೆ ಅದೇ ರೋಗಿ. ಹೈಡ್ರೋಮೀಟರಿನಲ್ಲಿ ಒಂದು ಸೆಲ್ಲು ಪಕ್ಕದವಕ್ಕಿಂತ 0.050ರಷ್ಟು ಕೆಳಗಿದ್ದರೂ ಅದು ಹೋದ ಸೆಲ್ಲು ಎಂದೇ ಲೆಕ್ಕ. ಆದರೆ ಒಂದು ಎಚ್ಚರಿಕೆ: ಎಂಟೂ ನಿಜವಾಗಿ ಮುದಿಯಾಗಿದ್ದಾಗ ಒಂದೇ ಹೊಸದು ಹಾಕಿದರೆ ಹಳೆಯವು ಅದನ್ನೂ ಕೆಡಿಸುತ್ತವೆ. ಸೆಟ್ ಎಳೆಯದಿದ್ದಾಗ ಮಾತ್ರ ಒಂದನ್ನು ಬದಲಿಸುವ ಮಾತು.

ಬ್ಯಾಟರಿಯನ್ನು ಬೈಯುವ ಮೊದಲು ಜೋಡಣೆ ನೋಡಿ. ನಮ್ಮ ಹುಡುಗ ಮಾಡಿದ್ದು ಅದನ್ನೇ. ಹೊರಡುವಾಗ ಇಂಥ ಕಾರು 200 ಆಂಪಿಯರ್ ಎಳೆಯಿತೆನ್ನಿ. ಒಂದು ಜೋಡಣೆಯಲ್ಲಿ ಬರೀ ಅರ್ಧ ವೋಲ್ಟ್ ಸೋರಿದರೂ ಅಲ್ಲಿ 100 ವ್ಯಾಟ್ ಶಾಖ. ನೂರು ವ್ಯಾಟಿನ ಬಲ್ಬನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಗೊತ್ತಾಗುತ್ತದೆ! ಕಿಲುಬು ಹಿಡಿದ ನಟ್ಟು ಸುಟ್ಟು, ಕೇಬಲ್ ಕರಗಿ, ಕೊನೆಗೆ ಬ್ಯಾಟರಿಯ ಮೇಲೆ ಅಪವಾದ. ಟರ್ಮಿನಲ್ ತೊಳೆದು ಬಿಗಿದ ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ. ನೀರು ತುಂಬುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಅದೂ ಚಾರ್ಜ್ ಆದ ಮೇಲೆ. ಪ್ಲೇಟುಗಳು ಬರಿದಾಗಿ ಕಾಣುತ್ತಿದ್ದರೆ ಅವು ಮುಳುಗುವಷ್ಟನ್ನು ಮೊದಲು ಹಾಕಿ, ಮಿಕ್ಕಿದ್ದು ಆಮೇಲೆ. ಬೋರ್‌ವೆಲ್ ನೀರು ಬೇಡ, ಆಸಿಡ್ ಬೇಡವೇ ಬೇಡ. ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ನಿಲ್ಲಿಸಿದಿರೋ, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಮತ್ತೆ ಏಳುವುದಿಲ್ಲ.

ಈಗ ಗಟ್ಟಿಯಾಗಿ ಒಂದು ಮಾತು. ಹುಂಬತನ ಬೇಡ! 48 ವೋಲ್ಟಿನ ಶಾಕ್ ದೊಡ್ಡದಲ್ಲದಿರಬಹುದು, ಆದರೆ ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ಲಿಗೂ ತಾಗಿದರೆ ಅದು ಕಣ್ಣೆದುರೇ ಕೆಂಪಗೆ ಕಾದು ಅಂಟಿಕೊಳ್ಳುತ್ತದೆ. ಉಂಗುರ, ಕಡಗ, ವಾಚು ಬಿಚ್ಚಿಡಿ. ಸ್ಪ್ಯಾನರಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕಣ್ಣಿಗೆ ಕನ್ನಡಕ ಹಾಕಿ. ಚಾರ್ಜ್ ಆಗುವ ಸೀಸ-ಆಮ್ಲ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಬೀಡಿ ಸಿಗರೇಟು ಹಚ್ಚಿದರೆ ಸ್ಫೋಟ. ಬಿಚ್ಚುವ ಮೊದಲು ಮೇನ್ ಸ್ವಿಚ್ ತೆಗೆಯಿರಿ, ತೆಗೆದ ಮೇಲೂ ಸ್ವಲ್ಪ ಹೊತ್ತು ಕಾಯಿರಿ. ಕಂಟ್ರೋಲರಿನ ಒಳಗೆ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ.

ಈಗಿನ ಲಿಥಿಯಂ ಕಾರುಗಳ ಮಾತೇ ಬೇರೆ. 2022ರಲ್ಲಿ ಬಂದ ಟಿಯಾಗೊ ವಿದ್ಯುತ್ ಕಾರಿರಲಿ, 2023ರಲ್ಲಿ ಬಂದ ಕಾಮೆಟ್ ಇರಲಿ, ಅಲ್ಲಿ ಓಡುವುದು ಜೀವ ತೆಗೆಯುವ ವೋಲ್ಟೇಜ್. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಕೈ ಹಿಂದಕ್ಕೆ! ನಿಮ್ಮ ಕೈಗೆ ಸೇರಿದ್ದು ಪ್ಲಗ್ಗು, ಸಾಕೆಟ್ಟು, 12 ವೋಲ್ಟಿನ ಕಡೆ, ಕಾಲು, ಗೇರು, ಕಿವಿ, ಕಣ್ಣು. ಅಷ್ಟು ನೋಡಿಕೊಂಡರೂ ಸಾಕು. "ಸಾರ್, ದೀಪ ಬರುತ್ತಿದೆ, 12 ವೋಲ್ಟ್ ಸರಿಯಿದೆ, ಚಾರ್ಜ್ ಇದೆ, ಟಕ್ ಎನ್ನುತ್ತಿಲ್ಲ" ಎಂದು ನೀವು ಹೇಳಿದ ದಿನ ಎದುರಿಗಿರುವವನ ದನಿ ಬದಲಾಗುತ್ತದೆ. ಈ ಗಿರಾಕಿಗೆ ಟೋಪಿ ಹಾಕುವುದು ಸುಲಭವಲ್ಲ ಎಂದು ಅವನಿಗೆ ಅರ್ಥವಾಗುತ್ತದೆ.

ಗೆಳೆಯರೇ, ಇಷ್ಟನ್ನೂ ನೀವು ಕನ್ನಡದಲ್ಲೇ ಓದಿದಿರಿ. ಎಲ್ಲಾದರೂ ಎಡವಿದಿರಾ? ಕನ್ನಡದಲ್ಲಿ ತಂತ್ರಜ್ಞಾನ ಬರೆಯಲಾಗದು ಎನ್ನುವ ಪಂಡಿತರಿದ್ದಾರೆ. ಇನ್ನೊಂದು ಕಡೆ, ಫ್ಯೂಸಿಗೂ ಮೀಟರಿಗೂ ಅರ್ಧ ಮೊಳದ ಸಂಸ್ಕೃತ ಪದ ಕಟ್ಟಿ ಯಾರಿಗೂ ಅರ್ಥವಾಗದಂತೆ ಮಾಡುವ ಪಂಡಿತರಿದ್ದಾರೆ. ಇಬ್ಬರೂ ಸೇರಿ ಆ ಹುಡುಗನನ್ನು ಹೊರಗೆ ನಿಲ್ಲಿಸಿದರು. ಜೆ.ಸಿ. ರಸ್ತೆಯ ಮೆಕ್ಯಾನಿಕ್ಕನ ಬಾಯಲ್ಲಿ ಫ್ಯೂಸು ಕನ್ನಡವೇ. ಕಿಲುಬು ಎಂಬ ಪದಕ್ಕೆ ಯಾವ ಸಮಿತಿಯೂ ಕೂರಬೇಕಾಗಿಲ್ಲ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ನಿಮ್ಮ ಅಜ್ಜಿ ಅದನ್ನು ಎಂದೋ ಕೊಟ್ಟು ಹೋಗಿದ್ದಾಳೆ.

ನಿಮ್ಮ ಕಾರಿನ ಕೈಪಿಡಿ ತೆಗೆದು ನೋಡಿ. ಅದು ಕನ್ನಡದಲ್ಲಿದೆಯೇ? ಎಚ್ಚರಿಕೆಯ ಚೀಟಿ ಕನ್ನಡದಲ್ಲಿದೆಯೇ? "ಮುಟ್ಟಿದರೆ ಸಾವು" ಎಂಬುದನ್ನು ಸಾಯುವವನಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಡವೇ? ಇಲ್ಲದಿದ್ದರೆ ಕಂಪನಿಗೆ ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಾರು ಮಾರುವಾಗ ನಮ್ಮ ದುಡ್ಡು ಬೇಕು, ಕೈಪಿಡಿ ಬರೆಯುವಾಗ ನಮ್ಮ ಭಾಷೆ ಬೇಡವೇ ಎಂದು ಕೇಳಿ.

ಆದರೆ ಬರೀ ಬೇರೆಯವರನ್ನು ಕೇಳಿ ಕೂರಬೇಡಿ. ಫಲಕದ ಮೇಲೆ ಕನ್ನಡ ಬೇಕೆಂದು ಬೀದಿಗಿಳಿಯುವವರು ನಾವು. ಇಳಿಯೋಣ, ಬೇಡ ಎಂದವರಾರು? ಫಲಕ ಬದಲಾದ ಅಂಗಡಿಯೊಳಗೆ ಸ್ಪ್ಯಾನರ್ ಹಿಡಿದವನು ಯಾರು, ಅವನಿಗೆ ವಿದ್ಯೆ ಯಾವ ಭಾಷೆಯಲ್ಲಿ ಸಿಕ್ಕಿತು ಎಂದು ಕೇಳಿದ್ದೇವೆಯೇ? ಪೆಟ್ರೋಲ್ ಎಂಜಿನ್ ಬಿಚ್ಚಿ ಕಟ್ಟಿ ಬದುಕಿದ ಸಾವಿರಾರು ಗ್ಯಾರೇಜಿನ ಹುಡುಗರು ನಮ್ಮ ನಗರಗಳಲ್ಲಿದ್ದಾರೆ. ಹಸಿರು ನಂಬರ್ ಪ್ಲೇಟುಗಳು ಹೆಚ್ಚಾದಂತೆ ಅವರ ಅನ್ನ ಕರಗುತ್ತದೆ. ಹೊಸ ವಿದ್ಯೆ ಅವರ ಭಾಷೆಯಲ್ಲಿ ಅವರ ಕೈಗೆ ಸಿಗದಿದ್ದರೆ ನಾಳೆ ಅದೇ ಬೀದಿಯಲ್ಲಿ ಅವರು ಕಾರು ತೊಳೆಯುವ ಕೆಲಸಕ್ಕೆ ನಿಲ್ಲಬೇಕಾಗುತ್ತದೆ. ಇದು ಭಾವನೆಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ.

ಎಂಜಿನಿಯರಿಂಗ್ ಓದಿದ ಕನ್ನಡದ ಹುಡುಗ ಹುಡುಗಿಯರೇ, ನಿಮಗೊಂದು ಕೆಲಸ ಕೊಡುತ್ತೇವೆ. ಬರುವ ಭಾನುವಾರ ನಿಮ್ಮ ಬೀದಿಯ ಗ್ಯಾರೇಜಿಗೆ ಹೋಗಿ. ಪಾಠ ಹೇಳಲು ಹೋಗಬೇಡಿ, ಚಹಾ ಕುಡಿಯಲು ಹೋಗಿ. ಮೇಲೆ ಹೇಳಿದ ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅವರು ಕೇಳಿದ್ದಕ್ಕೆ ಗೊತ್ತಿದ್ದಷ್ಟು ಹೇಳಿ. ನಿಮಗೆ ಗೊತ್ತಿಲ್ಲದ್ದನ್ನು ಅವರಿಂದ ಕಲಿಯಿರಿ. ನಟ್ಟು ಎಷ್ಟು ಬಿಗಿಯಬೇಕೆಂದು ಅವರ ಕೈಗೆ ಗೊತ್ತಿದೆ, ನಿಮ್ಮ ಪುಸ್ತಕಕ್ಕೆ ಗೊತ್ತಿಲ್ಲ.

ಆ ಯುಪಿಎಸ್ ಅಂಗಡಿಯ ಹುಡುಗನಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಕೊಟ್ಟು ಬರುತ್ತಿದ್ದೇವೆ. ನೀವು ಯಾರಿಗೆ ಕೊಡುತ್ತೀರಿ?